ಪಿತ್ತದ ಚೀಲ

ಉತ್ತರದ ಕಂಟೋನ್ಮೆಂಟ್ ಊರೊಂದರ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ಕನ್ನಡದವರು ಭಾನುವಾರದ ಊಟಕ್ಕೆ ತುಂಗಾಬಾಯಿಯ ಅಂಗಳದಲ್ಲಿ ಸೇರುತ್ತಿದ್ದರು. ಅಂಗಡಿಯವನು ಕಡಿದರೆ ಎಲುಬು ಚೂರಾಗುತ್ತದೆಂದು ಅವಳು ಇಡೀ ಕೋಳಿಯನ್ನೇ ತರಿಸುತ್ತಿದ್ದಳು. ಈಳಿಗೆಯ ಮುಂದೆ ಕೂತು, ತೊಡೆಯನ್ನು ಹಿಂದಕ್ಕೆ ಮಡಚಿ, ಕೀಲು ಕಳಚಿಕೊಂಡಲ್ಲೇ ಕೊಯ್ಯುತ್ತಿದ್ದಳು. ಆ ಕೈಚಳಕವನ್ನು ಎಲ್ಲರೂ ಮೆಚ್ಚುತ್ತಿದ್ದರು.

ಆಮೇಲೆ ಮೈಸೂರಿನಿಂದ ಸಂತೋಷ ವರ್ಗವಾಗಿ ಬಂದ. ಅವನ ಹೆಂಡತಿ ಅಪೂರ್ವಾ ಒಂದು ಸಣ್ಣ ಚಾಕು ಹಿಡಿದು, ಎದೆಯ ಎಲುಬಿನ ಗುಂಟ ಸವರಿದಂತೆ ಕೊಯ್ದು, ಮಾಂಸವನ್ನು ಇಡಿಯಾಗಿ ಬಿಡಿಸುತ್ತಿದ್ದಳು. ಎಲುಬಿಗೆ ಹೆದರುವ ಮಕ್ಕಳೆಲ್ಲ ಅವಳ ಸುತ್ತ ಸೇರಿದರು.

“ತುಂಗಾ, ಎಲುಬಿನ ಮ್ಯಾಲೆ ಒಂದೆಳಿ ಮಾಂಸ ಉಳದಿಲ್ಲ ನೋಡು,” ಎಂದ ಗಂಡ ರಘುನಾಥ.

“ನೋಡೇನಿ,” ಎಂದಳು ತುಂಗಾಬಾಯಿ. ಅವತ್ತು ಅವಳಿಗೆ ಊಟ ಸೇರಲಿಲ್ಲ.

ಶ್ರಾವಣ ಮುಗಿದು ಕೋಳಿ ಅಂಗಡಿಗಳು ತೆರೆದ ಮೊದಲ ಭಾನುವಾರ, ಕೊಯ್ಯುವ ಕೆಲಸವನ್ನು ರಘುನಾಥ ತಾನಾಗಿಯೇ ಅಪೂರ್ವಾಳಿಗೆ ವಹಿಸಿದ. ತುಂಗಾಬಾಯಿ ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ರಘುನಾಥ ಏನೋ ಹೇಳಿದ, ಅಪೂರ್ವಾ ನಕ್ಕಳು. ನಗುತ್ತಲೇ ಲಿವರನ್ನು ಬಟ್ಟಲಿಗೆ ಹಾಕಿದಳು. ಅದಕ್ಕೆ ಅಂಟಿಕೊಂಡಿದ್ದ ಹಸಿರು ಪಿತ್ತದ ಚೀಲ ತುಂಗಾಬಾಯಿಗೆ ಸ್ಪಷ್ಟವಾಗಿ ಕಂಡಿತು. ಅದು ಒಡೆದರೆ ಮುಟ್ಟಿದ್ದೆಲ್ಲ ಕಹಿ. ಅವಳು ಸುಮ್ಮನೆ ಬಟ್ಟಲನ್ನು ಎತ್ತಿ ಒಳಗೆ ಒಲೆಯ ಪಕ್ಕ ಇಟ್ಟುಬಂದಳು.

ಅಪೂರ್ವಾ ಮಕ್ಕಳ ಅವಸರಕ್ಕೆ ಬಟ್ಟಲನ್ನು ನೋಡದೆ ಬಾಣಲೆಗೆ ಸುರಿದು, ಮೊದಲು ಲಿವರ್ ಹುರಿದಳು. ಬಾಯಿಗಿಟ್ಟ ಮಕ್ಕಳು ಥೂ ಎಂದು ಉಗಿದರು. “ಪಿತ್ತ ತೆಗೀಬೇಕು ಅಂತಾನೂ ಗೊತ್ತಾಗಲ್ವಾ ನಿಂಗೆ?” ಎಂದು ಸಂತೋಷ ಎಲ್ಲರೆದುರೇ ಗದರಿದ.

“ನೀನ ಕೊಯ್ದಿದ್ರ ಹಿಂಗ ಆಗ್ತಿರಲಿಲ್ಲ ಬಿಡು,” ಎಂದು ರಘುನಾಥ ಹೆಂಡತಿಯ ಕಡೆ ತಿರುಗಿದ. ಆ ಮಾತಿಗಾಗಿಯೇ ಅವಳು ಇಷ್ಟು ದಿನ ಕಾದಿದ್ದಳು. ಕೇಳಿದಾಗ ಮುಖ ಎತ್ತಲಾಗಲಿಲ್ಲ.

ಬಾಣಲೆ ತಿಕ್ಕುತ್ತ ಅಪೂರ್ವಾ ಮೆಲ್ಲಗೆ ಕೇಳಿದಳು: “ಬಟ್ಟಲು ಒಳಗೆ ತಂದೋರು ನೀವೇ ಅಲ್ವಾ ಅಕ್ಕ, ನಿಮಗೆ ಕಾಣಿಸ್ಲಿಲ್ವಾ?”

“ಕಂಡಿತ್ತು.”

ಅಪೂರ್ವಾ ತಿಕ್ಕಿದ ಬಾಣಲೆಯನ್ನು ಬೋರಲು ಹಾಕಿದಳು. ಸಾರಿನ ಪಾತ್ರೆ ಎತ್ತಿಕೊಂಡು ಹೊರಗೆ ಹೋದಳು. ಊಟಕ್ಕೆ ಕೂತಾಗ ಸಂತೋಷ ಮತ್ತೆ ಕೆಣಕಿದ. ಅಪೂರ್ವಾ ತಲೆ ತಗ್ಗಿಸಿ ಬಡಿಸಿದಳೇ ಹೊರತು ತುಂಗಾಬಾಯಿಯ ಹೆಸರೆತ್ತಲಿಲ್ಲ. ತಾನಾಗಿದ್ದರೆ ಆಗಲೇ ಹೇಳಿಬಿಡುತ್ತಿದ್ದೆ ಎನ್ನಿಸಿತು ತುಂಗಾಬಾಯಿಗೆ. ಆ ದೊಡ್ಡತನದ ಮೇಲೂ ಹೊಟ್ಟೆಕಿಚ್ಚಾಯಿತು.

“ಆಕಿಗೆ ಅನಬ್ಯಾಡ್ರಿ, ಸಂತೋಷ,” ಎಂದಳು. “ಪಿತ್ತ ಇದ್ದದ್ದು ನಾ ನೋಡಿದ್ದೆ. ಬೇಕಂತನ ಸುಮ್ಮನಿದ್ದೆ.”

ರಘುನಾಥನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅಪೂರ್ವಾ ಬಂದು ತುಂಗಾಬಾಯಿಯ ತಟ್ಟೆಗೆ ಸಾರು ಬಡಿಸಿದಳು. “ಊಟ ಮಾಡಿ, ಆರಿ ಹೋಗುತ್ತೆ,” ಎಂದಳು. ಅಕ್ಕ ಎನ್ನಲಿಲ್ಲ.

ಮುಂದಿನ ಭಾನುವಾರವೂ ಸಂತೋಷ, ಅಪೂರ್ವಾ ಬಂದರು. ಹೆಂಗಸರಿಬ್ಬರೂ ಒಂದೊಂದು ಕೋಳಿ ಹಿಡಿದು ಕೂತರು, ಮಾತು ಕಡಿಮೆಯಿತ್ತು. ಮಕ್ಕಳು ಅಪೂರ್ವಾಳ ಕಡೆಗೇ ಓಡಿದರು. ತುಂಗಾಬಾಯಿಗೆ ಒಳಗೊಳಗೇ ಚುಚ್ಚಿತು. ಆದರೂ ಸರಿದು ಕೂತು, ಮಕ್ಕಳಿಗೆ ಜಾಗ ಬಿಟ್ಟಳು.