ತುಳಸಿದಾಸನ ಕಾರ್ಬನ್ ಕೋಲು

ಹಾರವಾಡದ ತುಳಸಿದಾಸನಿಂದ ಐವತ್ತೆಂಟು ವರ್ಷದಲ್ಲಿ ಒಂದು ತಪ್ಪೂ ಆಗಿರಲಿಲ್ಲ. ಬಲೆ ಹರಿದರೆ ನೂಲು ಕೆಟ್ಟದ್ದು. ದೋಣಿ ಮರಳಿಗೆ ಕೂತರೆ ಮರಳು ತನ್ನ ಜಾಗ ಬಿಟ್ಟು ಬಂದದ್ದು. ಸ್ವಂತ ಮದುವೆಯಲ್ಲಿ ಮುಹೂರ್ತ ತಪ್ಪಿದ್ದು ಭಟ್ಟರ ಗಡಿಯಾರ ನಿಂತಿದ್ದರಿಂದ. ಹೀಗಿರುವಾಗ ಕಳೆದ ದೀಪಾವಳಿಯ ಹೊತ್ತಿಗೆ ಬಂಡೆಯ ಮೇಲೆ ನಿಂತು ಗಾಳ ಹಾಕಿದವನು, ಕಚ್ಚಿದ ದೊಡ್ಡ ಗೊಬ್ರಾ ಮೀನನ್ನು ಎಳೆಯಲಾರದೆ ದಾರ ಸಮೇತ ಸಮುದ್ರಕ್ಕೆ ಬಿಟ್ಟುಕೊಟ್ಟದ್ದಕ್ಕೆ ಯಾರು ಹೊಣೆ ಎಂದು ಊರವರು ಕೇಳುವ ಅಗತ್ಯವೇ ಇರಲಿಲ್ಲ. ಕೋಲು ಹೊಣೆ.

ಅದು ಅಂತಿಂಥ ಕೋಲಲ್ಲ. ಹೆಂಡತಿ ಲತಾಳ ತಮ್ಮ ನಿತೇಶ ಐದು ವರ್ಷದ ಹಿಂದೆ, 2002ರಲ್ಲಿ, ಮಸ್ಕತ್ತಿನಿಂದ ತಂದುಕೊಟ್ಟ ಕಾರ್ಬನ್ ಫೈಬರ್ ಕೋಲು. ಅದು ಬಳಸಿ ಬಳಸಿ ಮೆತ್ತಗಾಗಿದೆ ಎಂಬ ಜ್ಞಾನ ತುಳಸಿದಾಸನಿಗೆ ದೊರೆತದ್ದು ಕಾರವಾರದ ಒಂದು ಅಂಗಡಿಯಲ್ಲಿ. "ಕಾರ್ಬನ್ನೂ ದಣೀತದೆ ಮಾರಾಯ್ರೆ, ಮನುಷ್ಯರ ಹಾಗೇ," ಎಂದಿದ್ದ ಅಂಗಡಿಯವನು. ಹೊಸ ಕೋಲು ಮಾರುವವನಿಗಿಂತ ಚೆನ್ನಾಗಿ ಹಳೆ ಕೋಲಿನ ಕಷ್ಟ ಇನ್ಯಾರಿಗೆ ತಿಳಿದೀತು.

ದೀಪಾವಳಿಯಿಂದೀಚೆಗೆ ತುಳಸಿದಾಸ ಎಡಗೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದ. ಬಲಗೈ ಹೆಗಲಿಗಿಂತ ಮೇಲೆ ಏಳುತ್ತಿರಲಿಲ್ಲ. ಇದನ್ನು ಯಾರೂ ಗಮನಿಸಿಲ್ಲ ಎಂದು ಅವನು ನಂಬಿದ್ದ. ಬೈತಲೆ ಮಾತ್ರ ಎಡದಿಂದ ಬಲಕ್ಕೆ ವಲಸೆ ಹೋಗಿತ್ತು.

ಲತಾ ಒಂದು ದಿನ ಮೀನು ಕೊಯ್ಯುತ್ತ ತೀರ್ಪು ಕೊಟ್ಟಳು. "ಕೋಲು ಹಾಳಾಗಿದ್ರೆ ಹೊಸ್ದು ತನ್ನಿ, ಬಂಡೆಗೆ ಹೋಗಿ, ನಾ ಬೇಡ ಹೇಳೂದಿಲ್ಲ. ಕೋಲು ಸರಿ ಇದ್ರೆ ಅದು ಅಟ್ಟಕ್ಕೆ, ನೀವು ಜಗ್ಲಿಗೆ. ಆ ಬಂಡೆ ಮೇಲೆ ಒಬ್ರೇ ನಿಲ್ಲೂದು ಸಾಕು."

ತುಳಸಿದಾಸ ಒಪ್ಪಿದ. ಟ್ರಾಲರಿನ ಕೆಲಸ ಬಿಟ್ಟು ನಾಲ್ಕು ವರ್ಷವಾಗಿತ್ತು. ಅವನಿಗೆ ಉಳಿದದ್ದು ಆ ಬಂಡೆಯೊಂದೇ. ಅದೂ ಹೋದರೆ ಪೇಟೆಯಲ್ಲಿ ಚೌಕಾಸಿ ಮಾಡಿ ಮೀನು ಕೊಳ್ಳುವ ಗಂಡಸಾಗಬೇಕಿತ್ತು. ಆ ಹೆದರಿಕೆ ಅವನಿಗೆ ಸಮುದ್ರದ ಮೇಲೆ ಎಂದೂ ಆಗಿರದಷ್ಟು ದೊಡ್ಡದಾಗಿ ಆಯಿತು.

ನ್ಯಾಯ ಹೇಳಲು ಬಂದವರು ಅಗಸೂರಿನ ಮಧುಕೇಶ್ವರ ಹೆಗಡೆ ಮಾಸ್ತರರು. ಅಂಕೋಲೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವರು, ಬಸ್ಸಿನ ಪರಿಚಯ. ಜನ್ಮದಲ್ಲಿ ಮೀನು ಮುಟ್ಟಿದವರಲ್ಲ, ಹಾಗಾಗಿ ನಿಷ್ಪಕ್ಷಪಾತಿಗಳು. ಮೀನು ಹುರಿಯುವ ವಾಸನೆಗೆ ಮೂಗಿನ ಮೇಲೆ ಕರವಸ್ತ್ರ ಇಟ್ಟುಕೊಂಡೇ ಅವರು ಜಗಲಿ ಹತ್ತಿದರು.

"ಹೊಸದಿದ್ದಾಗ ಎಷ್ಟು ಬಾಗ್ತಿತ್ತು ಹೇಳಿ ಗೊತ್ತಿರಬೇಕು, ತುಳಸಿದಾಸ. ಅದೇ ತೂಕ ಮತ್ತೆ ಹಾಕಿ ನೋಡಬೇಕು. ಇಲ್ಲದಿದ್ರೆ ಅದು ವಿಜ್ಞಾನ ಅಲ್ಲ, ಪಟ್ಟಾಂಗ."

ತುಳಸಿದಾಸ ಗೆದ್ದವನಂತೆ ನಕ್ಕ. ಅವನ ಮನೆಯಲ್ಲಿ ಹೊಸ ಬಲೆಯಿರಲಿ, ದೋಣಿಯಿರಲಿ, ಮೊದಲು ಹೊರುವ ಭಾರ ದೇವರ ಕಾಯಿಯದೇ ಆಗಬೇಕೆಂಬ ಪದ್ಧತಿ ಇತ್ತು. ಕೋಲು ಬಂದ ದಿನವೂ ಅದರ ಬುಡವನ್ನು ಜಗಲಿಯ ಕಂಬಕ್ಕೆ ಬಿಗಿದು, ತುದಿಗೆ ಪೂಜೆಯ ತೆಂಗಿನಕಾಯಿ ನೇತುಹಾಕಿ, ತುದಿ ಬಾಗಿ ನಿಂತಲ್ಲಿ ಗೋಡೆಗೆ ಕುಂಕುಮ ಇಟ್ಟಿದ್ದರು. ಮರುದಿನ ತುಳಸಿದಾಸ ಆ ಬೊಟ್ಟನ್ನು ದೋಣಿಯ ಕೆಂಪು ಬಣ್ಣದಲ್ಲಿ ಗಟ್ಟಿ ಮಾಡಿದ್ದ. ಕಾಯಿಯನ್ನು ಬಟ್ಟೆಯಲ್ಲಿ ಸುತ್ತಿ ಬಾಗಿಲ ಮೇಲೆ ಕಟ್ಟಿದ್ದರು. ಅದು ಈಗಲೂ ಅಲ್ಲೇ ಇತ್ತು.

"ಅದೇ ಕೋಲು, ಅದೇ ಕಂಬ, ಅದೇ ಕಾಯಿ," ಎಂದ. "ಇದಕ್ಕಿಂತ ವಿಜ್ಞಾನ ಎಂತ ಬೇಕು ಮಾಸ್ತರ್ರೆ?"

ಮಾಸ್ತರರು ಮೆಚ್ಚಿ ತಲೆದೂಗಿದರು. ದೇವರ ಕಾಯಿಯನ್ನು ಮನೆಯ ಹೆಂಗಸು ಬಿಟ್ಟು ಬೇರೆಯವರು ಮುಟ್ಟುವಂತಿರಲಿಲ್ಲ. ಲತಾ ಕೈಕಾಲು ತೊಳೆದು ಬಂದು, ಕಾಯಿ ಇಳಿಸಿ, ಬಟ್ಟೆ ಬಿಚ್ಚದೆಯೇ ಕೋಲಿನ ತುದಿಗೆ ಕಟ್ಟಿ, ಹಿಂದೆ ಸರಿದಳು.

ಕೋಲು ಬಾಗಿತು. ಆದರೆ ಕೆಂಪು ಬೊಟ್ಟನ್ನು ಮುಟ್ಟದೆ, ನಾಲ್ಕು ಬೆರಳು ಮೇಲೆಯೇ ನಿಂತಿತು.

ಮಾಸ್ತರರು ಸ್ಕೇಲು ಹಿಡಿದು ಎರಡು ಸಲ ಅಳೆದರು. "ಆಶ್ಚರ್ಯ. ಕೋಲು ಮೆತ್ತಗಾಗಲಿಲ್ಲ, ಬಿರುಸಾಗ್ಯದೆ."

ತುಳಸಿದಾಸನ ಮುಖ ಒಂದು ಗಳಿಗೆ ಬಾಡಿತು. ಒಂದೇ ಗಳಿಗೆ. ವರ್ಷಾನುಗಟ್ಟಲೆ ತಪ್ಪೇ ಮಾಡದೆ ಬಂದ ಅನುಭವ ಸುಮ್ಮನೆ ಹೋಗುತ್ತದೆಯೇ.

"ನಾ ಹೇಳಿದ್ದು ಅದೇ ಅಲ್ವಾ," ಎಂದ. "ಕೋಲು ಮೊದ್ಲಿನ ಹಾಗೆ ಇಲ್ಲ ಹೇಳಿ. ಬಾಗಬೇಕಾದ ಕೋಲು ಸೆಟೆದು ನಿಂತ್ರೆ ದಾರ ಹರೀದೆ ಇರ್ತದಾ? ಗೊಬ್ರಾ ಹೋದದ್ದು ಅದ್ಕೇಯ."

ಮಾಸ್ತರರಿಗೆ ಹಿಡಿಸಿತು. ಕಾರ್ಬನ್ನಿನ ಎಳೆಗಳು ಬಿಸಿಲು ಉಪ್ಪುಗಾಳಿಗೆ ಪಕ್ವವಾಗುತ್ತವೆ ಎಂದು ಅವರು ನಿಂತಲ್ಲೇ ಒಂದು ಸಿದ್ಧಾಂತ ಕಟ್ಟಿ, ಪುಟ್ಟ ಪುಸ್ತಕದಲ್ಲಿ ಬರೆದುಕೊಂಡು, ಮಕ್ಕಳಿಗೂ ಹೇಳುತ್ತೇನೆಂದು ಬಸ್ಸಿಗೆ ಹೊರಟರು. ತೆಂಗಿನ ತೋಟದ ಮನೆಯಲ್ಲಿ ಹುಟ್ಟಿದ ಮನುಷ್ಯ ಸ್ಕೇಲನ್ನು ನೋಡಿದಷ್ಟು ಹೊತ್ತು ಕಾಯಿಯನ್ನು ನೋಡಲಿಲ್ಲ.

ತೀರ್ಪು ತನ್ನ ಕಡೆ ಬಿದ್ದ ಖುಷಿಯಲ್ಲಿ ತುಳಸಿದಾಸ ಪದ್ಧತಿ ಮರೆತು ಕಾಯಿಯನ್ನು ತಾನೇ ಬಿಚ್ಚಿದ. ಕೈಗೆ ಬಂದದ್ದೇ ತಡ, ನಗು ನಿಂತಿತು. ಕಾಯಿ ಹಗುರಾಗಿತ್ತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ನೀರಿನ ಸದ್ದಿಲ್ಲ, ಒಣಗಿದ ಕೊಬ್ಬರಿ ಚಿಪ್ಪಿನೊಳಗೆ ಲೊಟಲೊಟ ಉರುಳಿತು. ಐದು ವರ್ಷದಲ್ಲಿ ಅದರ ನೀರೆಲ್ಲ ಆರಿಹೋಗಿತ್ತು.

ಒಳಗೆ ಬುಟ್ಟಿಯಲ್ಲಿ ತಾಜಾ ಕಾಯಿಗಳಿದ್ದವು, ದೇವರ ಕಾಯಿ ಕೊಟ್ಟ ಹಿತ್ತಲ ಮರದವೇ. ಲತಾ ಒಲೆಯ ಮುಂದಿದ್ದಳು. ಅವನು ಕಳ್ಳನಂತೆ ಮೂರು ತಂದು ಒಂದೊಂದಾಗಿ ಕಟ್ಟಿದ. ಮೊದಲನೆಯದಕ್ಕೆ ತುದಿ ಬೊಟ್ಟಿಗಿಂತ ಅರ್ಧ ಬೆರಳು ಮೇಲೆ ನಿಂತಿತು, ಎರಡನೆಯದಕ್ಕೆ ಅರ್ಧ ಬೆರಳು ಕೆಳಗೆ. ಮೂರನೆಯದಕ್ಕೆ ಸರಿಯಾಗಿ ಕೆಂಪು ಬೊಟ್ಟಿನ ಮೇಲೆಯೇ ಬಂದು ಕೂತಿತು. ಕೋಲು ಐದು ವರ್ಷದ ಹಿಂದೆ ಹೇಗಿತ್ತೋ ಇವತ್ತೂ ಹಾಗೇ ಇತ್ತು. ಅದನ್ನು ಹಿಡಿದವನು ಹಾಗಿರಲಿಲ್ಲ.

ತಿರುಗಿ ನೋಡಿದರೆ ಲತಾ ಬಾಗಿಲಲ್ಲಿ ನಿಂತಿದ್ದಳು.

"ಕಾಯಿ ಒಣಗಿತ್ತು," ಎಂದ.

"ಗೊತ್ತದೆ. ಇಳಿಸ್ವಾಗ್ಲೇ ಗೊತ್ತಾಯ್ತು."

"ಮತ್ತೆ ಹೇಳ್ಲಿಲ್ಲ ಯಾಕೆ? ನೀನೇ ಗೆಲ್ತಿದ್ದೆ."

"ಮಾಸ್ತರ್ರ ಎದುರಿಗೆ ಹೇಳೂದಾ?" ಎಂದಳು ಲತಾ. "ನಮ್ಮ ಮನೆ ವಿಷಯ ಅದು."

ತುಳಸಿದಾಸ ಕೋಲನ್ನು ಕಂಬದಿಂದ ಬಿಚ್ಚಿ ಒರೆಸಿ, ಅಟ್ಟಕ್ಕೆ ಹಾಕಲು ಕೈ ಎತ್ತಿದ. ಬಲಗೈ ಅರ್ಧಕ್ಕೇ ನಿಂತಿತು. ಲತಾ ಬಂದು ಕೋಲು ತೆಗೆದುಕೊಂಡು ತಾನೇ ಮೇಲಿಟ್ಟಳು. ಆಮೇಲೆ ಒಳಗೆ ಹೋಗಿ ತೆಂಗಿನೆಣ್ಣೆ ಬಿಸಿ ಮಾಡಿ ತಂದು ಅವನ ಹಿಂದೆ ಕೂತಳು.

"ಯಾವ ಹೆಗಲು?" ಎಂದು ಕೇಳಿದಳು, ಗೊತ್ತಿಲ್ಲದವಳಂತೆ.

ತುಳಸಿದಾಸ ಗೋಡೆಯ ಕೆಂಪು ಬೊಟ್ಟನ್ನು ನೋಡಿದ.

"ಬಲದ್ದು," ಎಂದ.