ತೊಟ್ಟಿಗೆ ತಗುಲಿದ ಮೈಲಿಗೆ

ಕಾಡಂಚಿನಲ್ಲಿ ಬುಡಕಟ್ಟಿನವರ ಒಂದು ಹಾಡಿಯಿತ್ತು. ಅಲ್ಲಿ ನೀರಿಗೆ ಬರ, ಕಟ್ಟುಪಾಡಿಗೆ ಬರವಿರಲಿಲ್ಲ. ವಾರಕ್ಕೊಮ್ಮೆ ಟ್ಯಾಂಕರ್ ಬಂದು ಸಿಮೆಂಟು ತೊಟ್ಟಿ ತುಂಬಿಸಿ ಹೋಗುತ್ತಿತ್ತು. ಮೊದಲು ಹಾಡಿಯ ಯಜಮಾನನಿಗೆ, ಆಮೇಲೆ ಗಂಡಸರಿಗೆ, ಆಮೇಲೆ ದನಕ್ಕೆ, ಕೊನೆಗೆ ಹೆಂಗಸರಿಗೆ. ಮುಟ್ಟಾಗಿ ಹೊರಗೆ ಕೂತವಳಿಗೆ ಉಳಿದರೆ ಉಂಟು. ಅವಳು ಕೈಯಿಟ್ಟ ನೀರು ಅವಳಿಗೇ ಸೇರಿದ್ದು, ಬೇರೆಯವರು ಕುಡಿಯಬಾರದು ಎಂಬುದು ತಾತನ ಕಾಲದ ಕಟ್ಟು.

ಹದಿಮೂರರ ಕೇತಿ ನಾಲ್ಕು ದಿನದಿಂದ ಹಾಡಿಯಾಚೆಯ ಗುಡಿಸಲಲ್ಲಿ ಕೂತಿದ್ದಳು. ಇದ್ದದ್ದು ಎರಡೇ ಬಟ್ಟೆ, ಒಗೆಯಲು ನೀರಿಲ್ಲ. ರಕ್ತಕ್ಕೆ ಒದ್ದೆಯಾದ ಬಟ್ಟೆ ಉಜ್ಜಿ ಉಜ್ಜಿ ತೊಡೆ ಹುಣ್ಣಾಗಿತ್ತು. ನಡೆದರೂ ಉರಿ, ಕೂತರೂ ಉರಿ. ಹಿಂದಿನ ತಿಂಗಳು ಪಟ್ಟಣದ ಬಿಳಿ ಅಂಗಿಯವರು ಬಂದು ಗುಡಿಸಲ ಗೋಡೆಗೆ ಒಂದು ಚಿತ್ರ ಅಂಟಿಸಿದ್ದರು: 'ದಿನಕ್ಕೆ ಮೂರು ಸಲ ಶುಭ್ರ ನೀರಲ್ಲಿ ತೊಳೆದುಕೊಳ್ಳಿ.' ಏನು ಕರ್ಮವೋ! ಚಿತ್ರದ ನಲ್ಲಿಯಲ್ಲಿ ಮಾತ್ರ ನೀರು ಧಾರಾಳವಾಗಿ ಸುರಿಯುತ್ತಿತ್ತು.

"ಯಜಮಾನಪ್ಪಾ, ಒಂದೇ ಒಂದು ಕೊಡ ನೀರು. ಗಾಯ ಕೀವು ಕಟ್ಟೈತೆ," ಎಂದು ದೂರದಿಂದಲೇ ಕೂಗಿದಳು.

"ತಡ್ಕೊ ಮಗಾ."

"ನಿನ್ನೆನೂ ಇದೇ ಅಂದ್ರಲ್ಲ!"

"ನಿನ್ನೆ ತಡ್ಕೊಂಡೆಯಲ್ಲ?"

ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಎನ್ನೋಣವೆಂದರೆ, ಅಲ್ಲಿ ಮಳೆಯಾದರೂ ಎಲ್ಲಿತ್ತು? ಕೇತಿಗೆ ಸಾಕುಸಾಕಾಯಿತು.

ಮರುದಿನ ಟ್ಯಾಂಕರ್ ಬಂತು. ತೊಟ್ಟಿ ತುಂಬಿದ್ದೇ ತಡ, ಕೇತಿ ಕುಂಟುತ್ತಲೇ ಓಡಿಬಂದು ಎರಡೂ ಕೈಯನ್ನು ಮೊಣಕೈತನಕ ಮುಳುಗಿಸಿದಳು.

"ಮುಟ್ಟಿದೀನಿ! ನಿಮ್ಮ ಕಟ್ಟಿನ ಪ್ರಕಾರ ಇದೆಲ್ಲ ಇನ್ನು ನಂದು."

ಕೊಡ ಹಿಡಿದವರು ಕೊಡ ಹಿಡಿದೇ ನಿಂತರು. ಇನ್ನೊಂದು ಟ್ಯಾಂಕರ್ ಬರಲು ಇನ್ನೊಂದು ವಾರ ಬೇಕು. ಬಿಸಿಲು ನೆತ್ತಿಗೇರಿತು, ಕೂಸುಗಳು ಅಳತೊಡಗಿದವು. ಮರದಡಿ ನ್ಯಾಯ ಸೇರಿತು. ಮೂರು ತಲೆಮಾರಿನಿಂದ ಬಗೆಹರಿಯದ ವಿಷಯ ಅಂದು ಬಾಯಾರುವಷ್ಟರಲ್ಲಿ ಬಗೆಹರಿಯಿತು.

"ನೀರು ಅಂದ್ರೆ ಗಂಗಮ್ಮ," ಎಂದ ಯಜಮಾನ ಗಂಟಲು ಸರಿಮಾಡಿಕೊಂಡು. "ಗಂಗಮ್ಮಂಗೆ ಮೈಲಿಗೆ ತಾಗಾಕಿಲ್ಲ. ಇವತ್ತಿಂದ ಆ ಕಟ್ಟು ಇಲ್ಲ." ತಾನೇ ಮೊದಲು ಎರಡು ಚೆಂಬು ಕುಡಿದ. ಜನ ತೊಟ್ಟಿಗೆ ಮುಗಿಬಿದ್ದರು.

ಕೇತಿಗೆ ಹುಣ್ಣಿನ ಉರಿಯೂ ಮರೆತುಹೋಯಿತು. ಅಬ್ಬಾ, ಕೊನೆಗೂ ಬುದ್ಧಿ ಬಂತಲ್ಲ! ಗುಡಿಸಲಿನ ಒಡಕು ಕೊಡ ತಂದು ನಗುತ್ತಲೇ ತೊಟ್ಟಿಯತ್ತ ಬಾಗಿದಳು.

ಯಜಮಾನನ ಕೋಲು ಅಡ್ಡ ಬಂತು.

"ಏಯ್, ದೂರ ಹೋಗು!"

"ಯಾಕಪ್ಪಾ? ಕಟ್ಟು ಇಲ್ಲ ಅಂದ್ರಲ್ಲ?"

"ನೀರು ಶುದ್ಧ ಅಂತ ಈಗತಾನೆ ತೀರ್ಮಾನ ಆಗೈತೆ," ಎಂದ ಯಜಮಾನ. "ಮತ್ತೆ ಮುಟ್ಟಿ ಕೆಡಿಸಬ್ಯಾಡ."