ಗಾಳಿಪಂಪಿನ ಸದ್ದು

ಆ ಬೀದಿಯಲ್ಲಿ ಅವನಿಗೆ ಕಿವಿ ಮೇಸ್ತ್ರಿ ಎಂದೇ ಹೆಸರು. ಬಾನೆಟ್ಟು ಎತ್ತಿ, ಕಣ್ಣು ಮುಚ್ಚಿ, ತಲೆ ಒಂದಿಷ್ಟು ವಾರೆ ಮಾಡಿ ನಿಂತನೆಂದರೆ ಇಂಜಿನ್ನಿನ ಹೊಟ್ಟೆನೋವು ಅವನಿಗೆ ತಿಳಿಯುತ್ತದೆ ಎಂದು ಜನ ಹೇಳುತ್ತಿದ್ದರು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಇತ್ತು, ಮೀಟರ್ ಇತ್ತು. ಅವನ್ನು ಬಳಸುತ್ತಿದ್ದವನು ಅವನ ಹೆಂಡತಿಯ ತಮ್ಮ. "ಆ ಯಂತ್ರ ನಿನಗಿರಲಿ. ನನಗೆ ಹುಟ್ಟುವಾಗಲೇ ಎರಡು ಕೊಟ್ಟು ಕಳಿಸಿದಾರೆ" ಎಂದು ಮೇಸ್ತ್ರಿ ತನ್ನ ಕಿವಿ ಹಿಡಿದು ತೋರಿಸಿದರೆ ಗಿರಾಕಿಗಳು ನಗುತ್ತಿದ್ದರು. ಭಾವಮೈದುನನೂ ನಗುತ್ತಿದ್ದ.

ಭಾವಮೈದುನ ಯಾವಾಗಲೂ ಮೇಸ್ತ್ರಿಯ ಎಡಗಡೆಗೇ ನಿಲ್ಲುತ್ತಿದ್ದ. ಗಿರಾಕಿ ಏನಾದರೂ ಹೇಳಿದರೆ ಅದನ್ನೇ ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳುವುದು ಅವನ ಅಭ್ಯಾಸ. "ಬ್ರೇಕು ಒತ್ತಿದ್ರೆ ಕಿರ್ ಅನ್ನುತ್ತಂತೆ ಭಾವ." "ಗೇರು ಬೀಳ್ತಾ ಇಲ್ವಂತೆ ಭಾವ." ಮೇಸ್ತ್ರಿಗೆ ಇದು ಕೆಲವೊಮ್ಮೆ ಕಿರಿಕಿರಿ. ಗಿಣಿ ಸಾಕಿದ ಹಾಗಾಯ್ತಲ್ಲ ಎಂದು ಹೆಂಡತಿಯೆದುರು ಗೊಣಗುತ್ತಿದ್ದ.

ಮೂಲೆಯ ಬೇಕರಿಯ ಒಡತಿ ತನ್ನ ಕಾರನ್ನು ತಂದು ನಿಲ್ಲಿಸಿದ್ದು ಒಂದು ಸಂಜೆ. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ನಿನ ಹಳದಿ ದೀಪ ಆರುತ್ತಲೇ ಇರಲಿಲ್ಲ.

"ಬೆಳಗ್ಗೆ ಬ್ರೆಡ್ ಹಾಕೋಕೆ ಹೊರಡ್ತೀನಲ್ಲ, ಸ್ಟಾರ್ಟ್ ಮಾಡಿದ ತಕ್ಷಣ ಪೆಟ್ರೋಲ್ ನಾತ ಹೊಡೆಯುತ್ತೆ. ಪಕ್ಕದ ಮನೆಯವರು ಕಿಟಕಿ ಹಾಕ್ಕೊಳ್ತಾರೆ. ಹೊಗೆ ಪರೀಕ್ಷೆಗೆ ಹೋದ್ರೆ, ಮೊದಲು ದೀಪ ಆರಿಸ್ಕೊಂಡು ಬನ್ನಿ ಅಂದ್ರು."

ಭಾವಮೈದುನ ಸ್ಕ್ಯಾನರ್ ಸಿಕ್ಕಿಸಿ ಓದಿದ. ಹೊಗೆ ಕೊಳವೆಗೆ ಹೋಗಬೇಕಾದ ಗಾಳಿ ಸಾಲದು ಎಂದಿತ್ತು. ತಣ್ಣಗಿರುವ ಇಂಜಿನ್ ಶುರುವಾದಾಗ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ. ಹಸಿ ಸೌದೆಯ ಒಲೆಗೆ ಊದುಗೊಳವೆ ಹಿಡಿದ ಹಾಗೆ, ಆ ಅರೆಬೆಂದ ಹೊಗೆಗೆ ಹೊರಗಿನ ಗಾಳಿ ಊದಲು ಈ ಕಾರುಗಳಲ್ಲಿ ಒಂದು ಕರೆಂಟಿನ ಪಂಪು, ಅದರ ಮುಂದೆ ಒಂದು ವಾಲ್ವು ಇರುತ್ತವೆ. ಪಂಪು ಒಂದೆರಡು ನಿಮಿಷ ಕುಂಯ್ ಎಂದು ಕೂಗಿ, ಇಂಜಿನ್ ಬಿಸಿಯಾಗುತ್ತಲೇ ಸುಮ್ಮನಾಗುತ್ತದೆ.

"ಇದನ್ನ ಈಗ ನೋಡಿ ಪ್ರಯೋಜನ ಇಲ್ಲ" ಎಂದ ಮೇಸ್ತ್ರಿ. "ಬಿಸಿ ಇಂಜಿನ್‌ನಲ್ಲಿ ಪಂಪು ಓಡೋದೇ ಇಲ್ಲ. ಗಾಡಿ ಇಲ್ಲೇ ಬಿಟ್ಟು ಹೋಗಿ ಅಮ್ಮ. ಬೆಳಗ್ಗೆ ಅದರ ಬಾಯಿಂದಲೇ ಕೇಳೋಣ."

ಬೆಳಗ್ಗೆ ಭಾವಮೈದುನ ಬೇರೊಂದು ಗಾಡಿಯ ಸಾಮಾನು ತರಲು ಹೋಗಿದ್ದ. ಮೇಸ್ತ್ರಿ ಒಬ್ಬನೇ ಬೇಕರಿಯ ಕಾರನ್ನು ಸ್ಟಾರ್ಟ್ ಮಾಡಿ, ಬಾನೆಟ್ಟಿನಡಿ ತಲೆ ಬಗ್ಗಿಸಿ ಕಣ್ಣು ಮುಚ್ಚಿದ. ಇಂಜಿನ್ನಿನ ದಪ್ಪ ದನಿ ಕೇಳುತ್ತಿತ್ತು, ಫ್ಯಾನಿನ ಗಾಳಿ ಕೆನ್ನೆಗೆ ಬಡಿಯುತ್ತಿತ್ತು. ಪಂಪಿನ ಆ ಸಣ್ಣ ಕೂಗು ಮಾತ್ರ ಎಲ್ಲೂ ಇರಲಿಲ್ಲ. ಅವನು ಇಂಜಿನ್ ಆರಿಸಿ, ಪಂಪು ಸತ್ತಿದೆ ಎಂದು ತೀರ್ಮಾನಿಸಿ, ಹೊಸದಕ್ಕೆ ಫೋನು ಮಾಡಿಬಿಟ್ಟ.

ಭಾವಮೈದುನ ಬಂದವನೇ ಅನುಮಾನ ಎತ್ತಿದ. "ಫ್ಯೂಸು, ರಿಲೇ ಒಂದ್ಸಲ ನೋಡೋಣ್ವಾ ಭಾವ? ಬಿಚ್ಚಿದ ಮೇಲಾದ್ರೂ ಪಂಪಿಗೆ ನೇರ ಬ್ಯಾಟರಿ ಕೊಟ್ಟು ನೋಡೋಣ. ವಾಲ್ವು ತೆಗೀತಾ ಇದೆಯೋ ಇಲ್ವೋ ಅದೂ..."

"ನಾನು ನಿಂತು ಕೇಳಿದೀನಿ. ಸದ್ದೇ ಇಲ್ಲ. ಹೆಣದ ನಾಡಿ ಹಿಡ್ಕೊಂಡು ಕೂರ್ತೀಯಾ?"

ಭಾವಮೈದುನ ಅವನ ಮುಖವನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದು, ನುಂಗಿಕೊಂಡು, ಸ್ಪ್ಯಾನರ್ ಎತ್ತಿಕೊಂಡ. ಹೊಸ ಪಂಪು ಕೂತಿತು, ಸ್ಕ್ಯಾನರಿನಿಂದ ದೋಷ ಅಳಿಸಿದಾಗ ದೀಪ ಆರಿತು. ಇನ್ನೊಂದು ರಾತ್ರಿ ಗಾಡಿ ಇಟ್ಟುಕೊಂಡು ತಣ್ಣಗಾದ ಮೇಲೆ ನೋಡಿ ಕೊಡೋಣ ಎಂದ ಅವನು. "ಅವರ ವ್ಯಾಪಾರ ನಿಲ್ಲಿಸ್ತೀಯಾ?" ಎಂದು ಮೇಸ್ತ್ರಿ ಅಂದೇ ಕೀಲಿ ಕೊಟ್ಟು ಕಳಿಸಿದ.

ವಾರ ಕಳೆಯುವಷ್ಟರಲ್ಲಿ ಬೇಕರಿಯಮ್ಮ ಮತ್ತೆ ಬಂದಳು. ಗ್ಯಾರೇಜಿನ ಬೆಂಚಿನ ಮೇಲೆ ಒಬ್ಬ ಟ್ಯಾಕ್ಸಿಯವನು, ಒಬ್ಬ ಕೊರಿಯರ್ ಡ್ರೈವರ್ ತಮ್ಮ ಗಾಡಿಗಳಿಗಾಗಿ ಕಾಯುತ್ತಾ ಕೂತಿದ್ದರು. ಅವಳು ಸಂಕೋಚದಿಂದ ಮೆಲ್ಲಗೆ ಏನೋ ಹೇಳಿದಳು.

"ದೀಪ ಮತ್ತೆ ಬಂತಂತೆ ಭಾವ" ಎಂದ ಭಾವಮೈದುನ.

"ನನಗೇನು ಕೇಳಿಸಲ್ವಾ?" ಎಂದು ಮೇಸ್ತ್ರಿ ಸಿಡುಕಿದ. ಬೆಂಚಿನ ಮೇಲಿನವರಿಬ್ಬರೂ ತಲೆ ಎತ್ತಿದರು. ಟ್ಯಾಕ್ಸಿಯವನ ಮುಖದಲ್ಲಿ ನಗು ಹಣಕಿದಂತೆ ಕಂಡಿತು. ಕಿವಿ ಮೇಸ್ತ್ರಿ ಹೇಳಿದ್ದು ತಪ್ಪಾಯಿತೆಂದು ಈ ಬೀದಿಯಲ್ಲಿ ಯಾರೂ ಈವರೆಗೆ ಅಂದದ್ದಿಲ್ಲ. ಅವನು ಬೇಕರಿಯಮ್ಮನ ಕಡೆ ತಿರುಗಿದ.

"ಪಂಪಿನದೇನೂ ತಪ್ಪಿಲ್ಲ ಅಮ್ಮ. ಇವನು ಹೋಸು ಸರಿಯಾಗಿ ಕೂರಿಸಿಲ್ಲ, ಅಷ್ಟೇ. ಕೆಲಸದ ಮೇಲೆ ಗಮನ ಇದ್ರೆ ತಾನೆ! ಇವರಕ್ಕನ ಮುಖ ನೋಡಿ ಇಟ್ಕೊಂಡಿದೀನಿ. ಬೇರೆ ಕಡೆ ಆಗಿದ್ರೆ ಎಂದೋ ಗೇಟ್ ತೋರಿಸ್ತಿದ್ರು."

ಭಾವಮೈದುನನ ಕಿವಿಯ ತುದಿಗಳು ಕೆಂಪಾದವು. ಅವನು ಮೂಲೆಯ ನಲ್ಲಿಗೆ ಹೋಗಿ ಕೈ ತೊಳೆದ. ಉಗುರಿನ ಸಂದಿಯ ಗ್ರೀಸನ್ನೂ ಬಿಡದೆ ತಿಕ್ಕಿ ತೊಳೆದು, ಕೆಲಸದ ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿ, "ಬರ್ತೀನಿ ಭಾವ" ಎಂದು ಹೊರಟ. ಕೋಪದ ದನಿಯಿರಲಿಲ್ಲ. ಇದ್ದಿದ್ದರೆ ಮೇಸ್ತ್ರಿಗೆ ತಿರುಗಿ ಬಯ್ಯಲು ಅನುಕೂಲವಾಗುತ್ತಿತ್ತು.

ಮರುದಿನ ಅವನು ಬರಲಿಲ್ಲ. ಹೆಂಡತಿ ಬೆಳಗ್ಗೆ ತುಟಿ ಬಿಗಿಹಿಡಿದೇ ಕಾಫಿ ಕೊಟ್ಟಳು. ಮನೆ ಗ್ಯಾರೇಜಿನ ಬೆನ್ನಿಗೇ ಅಂಟಿಕೊಂಡಿತ್ತು. ಮೇಸ್ತ್ರಿ ಹಿಂಬಾಗಿಲಿನಿಂದ ಇಳಿದು, ರಾತ್ರಿಯಿಡೀ ತಣ್ಣಗೆ ನಿಂತಿದ್ದ ಬೇಕರಿಯ ಕಾರನ್ನು ಸ್ಟಾರ್ಟ್ ಮಾಡಿದ. ಭಾವಮೈದುನನ ತಪ್ಪನ್ನು ಹುಡುಕಿಯೇ ತೀರಬೇಕೆಂದು ಹೋಸುಗಳನ್ನು ಒಂದೊಂದಾಗಿ ಎಳೆದು ನೋಡಿದ. ಎಲ್ಲವೂ ಗಟ್ಟಿಯಾಗಿ ಕೂತಿದ್ದವು. ಕಿವಿಗೊಟ್ಟ. ಪಂಪಿನ ಸದ್ದಿಲ್ಲ. ಹೊಸ ಪಂಪೂ ಸತ್ತಿತೇ? ಅಲುಗಾಡಿಸಿ ನೋಡಲೆಂದು ಅದರ ಮೇಲೆ ಅಂಗೈ ಇಟ್ಟ.

ಪಂಪು ನಡುಗುತ್ತಿತ್ತು.

ಅವನು ಕೈ ತೆಗೆದು ಮತ್ತೆ ಇಟ್ಟ. ಅಂಗೈಯಿಂದ ಮೊಣಕೈವರೆಗೂ ಜುಮ್ ಎನ್ನುವ ಹಾಗೆ ಪಂಪು ಜೋರಾಗಿ ಓಡುತ್ತಿತ್ತು. ಕೈಗೆ ಸಿಕ್ಕ ಸುದ್ದಿ ಕಿವಿಗೆ ಬರುತ್ತಿರಲಿಲ್ಲ. ಬಲಗಿವಿ ಒಡ್ಡಿದ, ಎಡಗಿವಿ ಒಡ್ಡಿದ. ಸ್ವಲ್ಪ ಹೊತ್ತಿಗೆ ಅಂಗೈಯಡಿ ನಡುಕ ನಿಂತಿತು. ಕಿವಿಗೆ ಮಾತ್ರ ಏನೂ ಬದಲಾಗಲಿಲ್ಲ.

ಗುಜರಿ ಡಬ್ಬಿಯಲ್ಲಿ ಬಿಸಾಡಿದ್ದ ಹಳೆಯ ಪಂಪು ಅಲ್ಲೇ ಇತ್ತು. ಅದನ್ನು ಬೆಂಚಿನ ಮೇಲಿಟ್ಟು ಎರಡು ತಂತಿ ಸಿಕ್ಕಿಸಿ ಬ್ಯಾಟರಿಗೆ ಮುಟ್ಟಿಸಿದ. ಹಿಡಿದಿದ್ದ ಕೈಯೊಳಗೆ ಅದು ಜೀವ ಬಂದ ಮೀನಿನಂತೆ ಒದ್ದಾಡಿತು. ಅದರ ಬಾಯಿಂದ ಹೊರಟ ಗಾಳಿ ಬೆಂಚಿನ ಮೇಲಿನ ಧೂಳನ್ನೆಲ್ಲ ಹಾರಿಸಿತು. ಸರಿಯಾಗಿದ್ದ ಪಂಪನ್ನು ಹೆಣವೆಂದು ಬಿಸಾಡಿದ್ದ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಬೀದಿಯ ಕಡೆ ನೋಡಿದ.

ನೋಡುತ್ತಿದ್ದವಳು ಹೆಂಡತಿ, ಹಿಂಬಾಗಿಲಲ್ಲಿ.

"ಏನ್ರೀ ಅದು, ಕಿವಿ ಕೊರೀತಾ ಇದೆ. ಆರಿಸಿ ಮೊದಲು" ಎಂದಳು. ಅವನು ತಂತಿ ತೆಗೆದ. ಅವಳು ಕಾರಿನ ಕಡೆ ಬಂದಳು. ಇಂಜಿನ್ ಇನ್ನೂ ಓಡುತ್ತಲೇ ಇತ್ತು. "ಇದೇನು ಹಾವಿನ ಥರ ಬುಸ್ ಅಂತಾ ಇದೆ?"

"ಎಲ್ಲಿ?"

"ಅಗೋ, ಆ ಮೂಲೆಯಲ್ಲಿ. ನಿಮಗೆ ಕೇಳಿಸ್ತಾ..." ಅವಳು ಅರ್ಧಕ್ಕೆ ನಿಲ್ಲಿಸಿದಳು. ಕೇಳಿದ್ದು ತಪ್ಪಾಯಿತೆನ್ನುವಂತೆ ಸೆರಗು ಸರಿಮಾಡಿಕೊಂಡಳು.

"ನಿನಗೆ ಗೊತ್ತಿತ್ತಾ?" ಎಂದ ಅವನು.

"ಟಿವಿ ಸದ್ದು ಗೋಡೆ ಬೀಳೋ ಹಾಗೆ ಇಡೋಕೆ ಶುರುಮಾಡಿದಾಗಿನಿಂದ ಗೊತ್ತು."

"ಅವನಿಗೆ?"

"ಅವನೇ ಮೊದಲು ಹೇಳಿದ್ದು. ನಾನು ನಿಮ್ಮತ್ರ ಮಾತೆತ್ತೋಕೆ ಹೋದ್ರೆ, ಬೇಡ ಅಕ್ಕ, ಭಾವನಿಗೆ ಮುಖ ಎತ್ಕೊಂಡು ಓಡಾಡೋಕೆ ಆಗಲ್ಲ, ನಾನು ಪಕ್ಕದಲ್ಲೇ ಇರ್ತೀನಲ್ಲ ಅಂದ. ಅದಕ್ಕೇ ಗಿರಾಕಿ ಹೇಳಿದ್ದನ್ನೆಲ್ಲ ಎರಡೆರಡು ಸಲ ಹೇಳ್ತಿದ್ದದ್ದು. ನೀವು ಅವನನ್ನ ಗಿಣಿ ಅಂದ್ರಿ."

ಭೂಮಿ ಬಾಯಿ ಬಿಟ್ಟರೆ ಇಳಿದುಹೋಗಬೇಕು ಎನ್ನಿಸುವುದು ಬರೀ ಮಾತಿಗಲ್ಲ ಎಂದು ಆಗ ಮೇಸ್ತ್ರಿಗೆ ಗೊತ್ತಾಯಿತು. ಕಿವಿ ಹೋದದ್ದು ಅವನ ಕೈಯಲ್ಲಿರಲಿಲ್ಲ. ಆದರೆ ಎಡಗಡೆ ನಿಂತು ತನಗೆ ಕಿವಿಯಾಗಿದ್ದವನನ್ನು, ಅಕ್ಕನ ಮುಖ ನೋಡಿ ಇಟ್ಟುಕೊಂಡವನು ಎಂದು ನಾಲ್ಕು ಜನರೆದುರು ಅಂದದ್ದು ಅವನದೇ ಬಾಯಿ.

ಹೆಂಡತಿ ಬೆರಳು ತೋರಿಸಿದ ಕಡೆ ಪ್ಲಾಸ್ಟಿಕ್ ಮುಚ್ಚಳ ತೆಗೆದ. ಒಳಗೆ ಪೆನ್ಸಿಲ್ಲಿನಷ್ಟು ದಪ್ಪದ ರಬ್ಬರ್ ಹೋಸು. ಇಂಜಿನ್ ಗಾಳಿ ಹೀರುವ ಎಳೆತದಿಂದ ವಾಲ್ವನ್ನು ತೆರೆಸುವುದು ಇದರ ಕೆಲಸ. ಮಣಿದಲ್ಲಿ ಅದು ಚಳಿಗೆ ಒಡೆದ ತುಟಿಯಂತೆ ಬಾಯಿಬಿಟ್ಟಿತ್ತು. ಹೋಸು ಸೀಳಿದ್ದರಿಂದ ವಾಲ್ವು ತೆರೆಯುತ್ತಿರಲಿಲ್ಲ, ವಾಲ್ವು ತೆರೆಯದೆ ಪಂಪಿನ ಗಾಳಿ ಮುಂದೆ ಹೋಗುತ್ತಿರಲಿಲ್ಲ. ಭಾವಮೈದುನ ವಾಲ್ವು ನೋಡೋಣವೆಂದು ಬಾಯಿಬಿಟ್ಟು ಹೇಳಿದ್ದ.

ಮೇಸ್ತ್ರಿ ಹೊಸ ಹೋಸು ಹಾಕಿ, ಕೈಯಿಂದ ಗಾಳಿ ಎಳೆಯುವ ಗೇಜು ಸಿಕ್ಕಿಸಿದ. ಮುಳ್ಳು ಏರಿ, ಏರಿದಲ್ಲೇ ನಿಂತಿತು, ಎಲ್ಲೂ ಸೋರಿಕೆಯಿರಲಿಲ್ಲ. ಹಳೆಯ ಪಂಪನ್ನೇ ಮತ್ತೆ ಕೂರಿಸಿದ. ಮರುದಿನ ತಣ್ಣನೆಯ ಇಂಜಿನ್ ಮೇಲೆ, ಕಿವಿಯನ್ನು ಪಕ್ಕಕ್ಕಿಟ್ಟು, ಕನ್ನಡಕ ಹಾಕಿಕೊಂಡು, ಸ್ಕ್ಯಾನರಿನ ಒಂದೊಂದೇ ಸಾಲು ತಡವರಿಸಿ ಓದಿದ. ಗಾಳಿ ಸಾಕಷ್ಟು ಹೋಗುತ್ತಿತ್ತು. ಪೆಟ್ರೋಲಿನ ನಾತವೂ ಇರಲಿಲ್ಲ.

ಕಾರನ್ನು ಅವನೇ ಬೇಕರಿಗೆ ಓಡಿಸಿಕೊಂಡು ಹೋದ. ಅಂಗಡಿಯಲ್ಲಿ ಬ್ರೆಡ್ಡಿಗಾಗಿ ಸಾಲು ನಿಂತಿತ್ತು. ಬೇಕರಿಯಮ್ಮನನ್ನು ಪಕ್ಕಕ್ಕೆ ಕರೆದು, ಕಿವಿಯಲ್ಲಿ ಹೇಳಿದಷ್ಟು ಮೆಲ್ಲಗೆ ಹೇಳಿದೆನೆಂದು ಅವನು ಅಂದುಕೊಂಡ.

"ಅಮ್ಮ, ನಿಮ್ಮ ಪಂಪು ಕೆಟ್ಟೇ ಇರಲಿಲ್ಲ. ತಪ್ಪು ನಂದು. ಒಂದು ಸಣ್ಣ ಹೋಸು ಸೀಳಿತ್ತು. ಹೊಸ ಪಂಪು ವಾಪಸ್ ತಗೊಂಡಿದೀನಿ, ಅದರ ದುಡ್ಡೂ ತಂದಿದೀನಿ."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಒಳಗೆ ಹಿಟ್ಟು ನಾದುತ್ತಿದ್ದವನೂ ಬಾಗಿಲಿಗೆ ಬಂದ. ತನ್ನ ದನಿ ಎಷ್ಟು ಜೋರಾಗಿತ್ತೆಂಬುದು ಅವರ ಮುಖ ನೋಡಿ ಮೇಸ್ತ್ರಿಗೆ ಗೊತ್ತಾಯಿತು.

ಬೇಕರಿಯಮ್ಮ ತಲೆ ತಗ್ಗಿಸಿ ಏನೋ ಹೇಳಿದಳು. ಅವನು ಸುಮ್ಮನೆ ತಲೆಯಾಡಿಸಬಹುದಿತ್ತು. ಇಷ್ಟು ಕಾಲ ಹಾಗೆಯೇ ಮಾಡಿಕೊಂಡು ಬಂದಿದ್ದ.

"ಏನಂದ್ರಿ? ನನಗೆ ಕಿವಿ ಸರಿಯಾಗಿ ಕೇಳಿಸಲ್ಲ" ಎಂದ.

ಅವಳು ಮುಖ ಎತ್ತಿ, ಬಿಡಿಸಿ ಬಿಡಿಸಿ ಹೇಳಿದಳು. "ತಪ್ಪು ಯಾರಿಗಾದ್ರೂ ಆಗುತ್ತೆ, ಬಿಡಿ. ಆದ್ರೆ ಅವತ್ತು ಅವರಿಗೆ ಹಾಗಂದ್ರಲ್ಲ, ನನಗೇ ಎಲ್ಲಿ ನೋಡಬೇಕೋ ತಿಳೀಲಿಲ್ಲ."

"ನನಗೂ ಈಗ ತಿಳೀತಾ ಇಲ್ಲ" ಎಂದು ಅವನು ಕೀಲಿ ಕೊಟ್ಟು, ನಡೆದೇ ಹೊರಟ. ದಾರಿಯಲ್ಲಿ ಸ್ಟ್ಯಾಂಡಿನಲ್ಲಿದ್ದ ಟ್ಯಾಕ್ಸಿಯವನಿಗೂ ತಪ್ಪು ತನ್ನದೆಂದು, ಕಿವಿ ಕೇಳಿಸದೆಂದು ಹೇಳಿದ. ಎರಡನೇ ಸಲಕ್ಕೆ ಸುಲಭವಾದೀತು ಎಂದುಕೊಂಡಿದ್ದ. ಆಗಲಿಲ್ಲ.

ಭಾವಮೈದುನನದು ಮಹಡಿಯ ಮೇಲಿನ ಎರಡು ಕೋಣೆಯ ಮನೆ. ಅವನು ಅಡುಗೆಮನೆಯಲ್ಲಿ ನಲ್ಲಿಯ ವಾಷರ್ ಬದಲಿಸುತ್ತಿದ್ದ. "ಬನ್ನಿ ಭಾವ" ಎಂದು ಕುರ್ಚಿ ಎಳೆದ. ಮೇಸ್ತ್ರಿ ಕೂರಲಿಲ್ಲ. ಹಳೆಯ ಪಂಪು, ಸೀಳಿದ ಹೋಸು, ಬೇಕರಿಯ ಸಾಲು, ಎಲ್ಲವನ್ನೂ ಹೇಳಿದ. ಕೊನೆಗೆ, "ಅಕ್ಕನ ಮುಖ ನೋಡಿ ಅಂದೆನಲ್ಲ, ಆ ಮಾತು..." ಎಂದು ಶುರುಮಾಡಿ, ಮುಂದೆ ಹೋಗಲಾರದೆ ನಿಂತ.

"ನಿಮಗೆ ಕಿವಿ ಕೇಳದೆ ಇದ್ದಿದ್ದಕ್ಕೆ ನನಗೆ ಬೇಜಾರಿರಲಿಲ್ಲ ಭಾವ" ಎಂದ ಅವನು, ಸ್ಪ್ಯಾನರನ್ನೇ ನೋಡುತ್ತಾ. "ನನ್ನ ಮಾತು ಕೇಳಲಿಲ್ಲವಲ್ಲ, ಅದಕ್ಕೆ ಬೇಜಾರಾಯ್ತು. ಬೇರೆ ಗ್ಯಾರೇಜಿನವರು ಕರೆದಿದಾರೆ. ಬರ್ತೀನಿ ಅಂದುಬಿಟ್ಟಿದೀನಿ."

ಮೇಸ್ತ್ರಿ ತಲೆಯಾಡಿಸಿದ. ಹೋಗಬೇಡ ಎನ್ನುವ ಹಕ್ಕು ತನಗಿದೆ ಎಂದು ಅವನಿಗೆ ಅನ್ನಿಸಲಿಲ್ಲ. ಮೆಟ್ಟಿಲು ಇಳಿಯುವಾಗ ಹಿಂದೆ ಹೆಜ್ಜೆಯ ಅದುರು ಕಾಲಿಗೆ ತಿಳಿಯಿತು. ಭಾವಮೈದುನ ಹೆಗಲು ಮುಟ್ಟಿದ. "ಕಿವಿ ಡಾಕ್ಟರ ಹತ್ರ ಯಾವಾಗ ಹೋಗ್ತೀರೋ ಹೇಳಿ. ಅದಕ್ಕೆ ಮಾತ್ರ ಬರ್ತೀನಿ."

ಅವನು ಮಾತಿನಂತೆ ಬಂದ. ಕ್ಲಿನಿಕ್ಕಿನಲ್ಲಿ ಮೇಸ್ತ್ರಿಯನ್ನು ಗಾಜಿನ ಕಿಟಕಿಯ ಪುಟ್ಟ ಕೋಣೆಯೊಳಗೆ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ಗಾಜಿನಾಚೆ ಪರೀಕ್ಷೆ ಮಾಡುವ ಹೆಂಗಸು, ಅವಳ ಹಿಂದೆ ಬೆಂಚಿನ ಮೇಲೆ ಹೆಂಡತಿ ಮತ್ತು ಭಾವಮೈದುನ. ಮೊದಲು ದಪ್ಪ ಸದ್ದುಗಳು ಬಂದವು, ಮೇಸ್ತ್ರಿ ಒತ್ತಿದ. ಆಮೇಲೆ ಏನೂ ಬರಲಿಲ್ಲ. ಆ ಹೆಂಗಸಿನ ಭುಜ ಅಲುಗಿದಾಗಲೆಲ್ಲ ಅವಳು ಯಂತ್ರ ತಿರುಗಿಸುತ್ತಿದ್ದಾಳೆಂದು ಅವನಿಗೆ ಹೊಳೆಯಿತು. ಭುಜ ಅಲುಗಿದಾಗ ಒತ್ತಿದ. ಇನ್ನೊಮ್ಮೆ ಒತ್ತಿದ. ಭಾವಮೈದುನ ಗಾಜಿನಾಚೆಯಿಂದ ಅವನನ್ನೇ ನೋಡುತ್ತಿದ್ದ.

ಮೇಸ್ತ್ರಿ ಹೆಡ್‌ಫೋನ್ ತೆಗೆದು ಬಾಗಿಲು ತೆರೆದ. "ಆಗಲೇ ಎರಡು ಸಲ ಸುಳ್ಳು ಒತ್ತಿದೆ. ನಿಮ್ಮ ಭುಜ ನೋಡಿ ಒತ್ತಿದ್ದು. ಮೊದಲಿಂದ ಮಾಡಿ" ಎಂದ. ಆ ಹೆಂಗಸಿಗೆ ನಗು ಬಂತು. ಅವನು ಒಳಗೆ ಹೋಗಿ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಹೆಬ್ಬೆರಳನ್ನು ಗುಂಡಿಯ ಮೇಲಿಂದ ಎತ್ತಿ ಹಿಡಿದು, ಕೂತ.